ಧ್ವನಿ ಇಳಿಸುವವನು ಬೇಕು

ನವೆಂಬರ್ 9, ಭಾನುವಾರ. ಬಾಗಲಕೋಟೆ

ಮೂರನೆಯ ಡಿಜೆ. ಕರೆಯದೆ ನುಗ್ಗಿದ ರಿಸೆಪ್ಷನ್ನೂ ಮೂರನೆಯದು. ಹುಡುಗನ ಕಡೆಯವರು ಕೇಳಿದರೆ ಹುಡುಗಿ ಕಡೆ ಎಂದೆ. ಹುಡುಗಿ ಕಡೆಯವರು ಕೇಳಿದರೆ ಊಟದ ಕಡೆ ಎಂದೆ. ಮೊಮ್ಮಗಳು ಸವಿತಾಳ ರಿಸೆಪ್ಷನ್ ಮೂವತ್ತಕ್ಕೆ. ಡಿಜೆ ಆರಿಸುವ ಕೆಲಸ ನನ್ನದು.

"ಸ್ವಲ್ಪ ಸಣ್ಣ ಮಾಡಪಾ" ಎಂದೆ.

"ಏನ್ರೀ ಅಜ್ಜಾ? ಕೇಳವಲ್ದು!"

"ಅದನ್ನ ಹೇಳಾಕ ಬಂದೀನಿ! ಇರ್ಲಿ, ‘ಗಡಿಯಾರಕ್ಕ ಗಂಟಲ ನೋವು’ ಹಾಡು ಐತೇನು?"

"ಐತ್ರೀ! ಇದರ ಹಿಂದ ಅದ!"

ಅಂಥ ಹಾಡು ಇನ್ನೂ ಹುಟ್ಟಿಲ್ಲ. ಡಿಜೆ ಎಂದರೆ ‘ಧ್ವನಿ ಜಾಸ್ತಿ’ ಎಂದು ತಿಳಿದವನು. ರದ್ದು. ಹೋಳಿಗೆ ಚೆನ್ನಾಗಿತ್ತು.

ನವೆಂಬರ್ 14. ಹುನಗುಂದ

ಇವನು ಮತೀನ. ಮೂವತ್ತೈದು ಇರಬಹುದು. ಲ್ಯಾಪ್‌ಟಾಪ್ ನೋಡುವುದು ಕಡಿಮೆ, ಮಂದಿಯನ್ನು ನೋಡುವುದು ಹೆಚ್ಚು. ಮುದುಕಿಯರು ಕಿವಿ ಮುಚ್ಚಿಕೊಂಡದ್ದು ಕಂಡು, ತಾನೇ ಇಳಿದು ಬಂದು ಸ್ಪೀಕರಿನ ಮುಖ ತಿರುಗಿಸಿದ. ಗಡಿಯಾರದ ಹಾಡು ಕೇಳಿದೆ.

"ನನ್ನ ಕಡೆ ಇಲ್ರೀ ಅಜ್ಜಾ. ನಿಮಗ ಬರ್ತದ? ಹಾಡ್ರಿ, ಮೈಕ್ ಕೊಡ್ತೀನಿ."

ಸಿಕ್ಕಿಬಿದ್ದೆ. ಇವನೇ ಎಂದು ಗೊತ್ತು ಮಾಡಿದೆ.

ನವೆಂಬರ್ 18. ಇಳಕಲ್

ಸವಿತಾ ಬಂದು ಕುಳಿತಳು. "ಅಜ್ಜಾ, ಒ...ಒಡಪು ನಾ ಹೇಳಂಗಿಲ್ಲ."

ಹೆಂಗಸರು ಬಿಡುವುದಿಲ್ಲ. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳಲೇಬೇಕು, ಈಗಂತೂ ಮೈಕಿನಲ್ಲಿ. ಇವಳಿಗೆ ಮಾತು ತೊದಲುತ್ತದೆ. ‘ಪ’ ಬಂದರೆ ಬಾಗಿಲೇ ಹಾಕಿಕೊಳ್ಳುತ್ತದೆ. ಹುಡುಗ ಬಾದಾಮಿಯ ಪ್ರೇಮಕುಮಾರ.

"ಬ್ಯಾರೆ ಅಕ್ಷರದ ಗಂಡ ಸಿಗಲಿಲ್ಲೇನವಾ?"

ನಗಲಿಲ್ಲ. "ಅವರ ಮಂದಿ ನಗ್ತಾರ. ಅವತ್ತ ನೀ ನ...ನಗಿಸಿದ್ದಿ ಅಲ್ಲಾ, ಹಂಗ."

ಎಂಟು ವರ್ಷದವಳಿದ್ದಾಗ ಒಂದು ಮದುವೆಯ ಮೈಕಿನಲ್ಲಿ ಅವಳನ್ನು ಅಣಕಿಸಿದ್ದೆ. ಮಂಟಪವೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು ಎಂದೇ ಇಷ್ಟು ವರ್ಷ ನನ್ನ ನೆನಪು.

ನವೆಂಬರ್ 19

ಮತೀನನಿಗೆ ಫೋನ್. ಎಲ್ಲ ಹೇಳಿದೆ. ಅಣಕಿಸಿದ್ದನ್ನೂ.

"ಹಾಡೋಮುಂದ ತೊದಲ್ತಾರೇನ್ರಿ?"

"ಇಲ್ಲಪಾ."

"ಹಂಗಾರ ಹಲಗಿ ಬಡತ ಒಂದ ಬಿಡ್ತೀನಿ, ಸಣ್ಣಗ. ಅದರ ಮ್ಯಾಲೆ ಹೆಜ್ಜಿ ಇಟ್ಟಂಗ ಹೇಳ್ಲಿ. ಈಗ ಕಳಸ್ತೀನಿ, ರೂಢಿ ಮಾಡಸ್ರಿ. ಅವರು ನಿಂತ್ರೂ ಬಡತ ನಿಲ್ಲಂಗಿಲ್ಲ."

ಸೆರಗಿನ ತೋಪತೆನಿ ನೇಯ್ಗೆ ಹಿಡಿದು ಒಡಪು ಕಟ್ಟಿಕೊಟ್ಟೆ. ‘ಇಳಕಲ್ಲ ಸೀರಿಗೆ ತೋಪತೆನಿ ಸೆರಗ, ಪ್ರೇಮಕುಮಾರ್ರು ಇದ್ರ ಸಾಕ, ಅದ ನನಗ ಮೆರಗ.’

ನವೆಂಬರ್ 26

ಸವಿತಾ ಅಡುಗೆಮನೆಯಲ್ಲಿ ಫೋನಿನಲ್ಲಿ ಬಡಿತ ಹಚ್ಚಿಕೊಂಡು ಒಡಪು ಹೇಳುತ್ತಾಳೆ. ಹತ್ತರಲ್ಲಿ ಏಳು ಸರಿ. ಉಳಿದ ಮೂರರ ಭಯ ಇಬ್ಬರಿಗೂ. ಹೆಂಡತಿ ಪದ್ಮವ್ವನ ತಾಕೀತು ಬೇರೆ: "ಅವತ್ತ ನೀವು ಮೈಕ್ ಮುಟ್ಟಿದ್ರ ನೋಡ್ರಿ!"

ನವೆಂಬರ್ 30

ಮುಟ್ಟಿದೆ.

ಹೆಂಗಸರು ವೇದಿಕೆ ಹತ್ತಿದರು. ಮತೀನ ಹಾಡು ಇಳಿಸಿ ಬಡಿತ ಬಿಟ್ಟ. ಸೆರಗಿನ ಸಾಲು ಸಲೀಸಾಗಿ ಬಂತು. ಆಮೇಲೆ ಪ್... ಪ್...

"ಯಾಕವಾ, ಗಂಡನ ಹೆಸರ ಮರತೇನು?" ಹುಡುಗನ ಸೋದರತ್ತೆ ಮಲ್ಲಮ್ಮ. ನಗು ಶುರು.

ಅಲ್ಲೇ ಇದ್ದ ಇನ್ನೊಂದು ಮೈಕ್ ಎತ್ತಿಕೊಂಡೆ. ನಾನೊಂದು ಜೋಕು ಬಿಟ್ಟರೆ ಮಂದಿ ನನ್ನ ಕಡೆ ತಿರುಗುತ್ತಾರೆ, ಅವಳು ಉಳಿಯುತ್ತಾಳೆ... ಜೋಕು ಹಾರಿಸಿಯೇ ಬಿಟ್ಟೆ. ದನಿಯೇ ಹೊರಡಲಿಲ್ಲ. ಮತೀನ ನನ್ನ ಮೈಕ್ ಬಂದ್ ಮಾಡಿದ್ದ. ಅವನ ಕಣ್ಣೆಲ್ಲ ಅವಳ ಮೇಲೆ. ಬಡಿತ ಏರಲಿಲ್ಲ, ಇಳಿಯಲಿಲ್ಲ. ಒಂದು ಸುತ್ತು. ಎರಡು. ಮೂರನೆಯದಕ್ಕೆ ಕಾಲಿಟ್ಟಳು —

"ಪ್ರೇಮಕುಮಾರ್ರು ಇದ್ರ ಸಾಕ, ಅದ ನನಗ ಮೆರಗ!"

ಚಪ್ಪಾಳೆ. ಆದರೆ ಸವಿತಾ ಮೈಕ್ ಬಿಡಲಿಲ್ಲ. ಮಲ್ಲಮ್ಮನ ಬಾಯಿಗೆ ಹಿಡಿದಳು. "ಈಗ ನೀವ್ರಿ ಅತ್ತಿ. ಮಾ...ಮಾವಾರ ಹೆಸರು." ಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನನ್ನ ಜೋಕು ‘ಪ’ದ ಮೇಲೇ ಇತ್ತು. ಇಲ್ಲಿ ಬರೆಯುವುದಿಲ್ಲ.

ಡಿಸೆಂಬರ್ 2

ಬಾದಾಮಿಯಿಂದ ಸವಿತಾಳ ಫೋನ್. ಇನ್ನೂ ಕಿವಿಯಲ್ಲೇ ಇದೆ, ಕೈ ಬರೆಯುತ್ತಿದೆ. ಗಂಡನ ಮೇಲೆ ಮೊದಲ ದೂರು. ಅವನ ಹೆಸರಿನ ‘ಪ’ದ ಹತ್ತಿರ ನಿಂತಿದ್ದಾಳೆ. ಗೊತ್ತಿದ್ದ ಹೆಸರು, ನಾನೇ ಹೇಳಿ ಮುಗಿಸಬಹುದು. ಹೇಳುತ್ತಿಲ್ಲ. ಇನ್ನೊಂದು ಸುತ್ತು... ಹಾಂ, ಬಂತು —