ಕೊನೆಗೆ ನಿಂತ ಕ್ಯಾನ್

ಫೆಬ್ರವರಿ 4, ಬೆಳಗ್ಗೆ 8.30
ಹಾಲಿನ ಕೇಂದ್ರಕ್ಕೆ ಇವತ್ತು ಮೂವತ್ತೊಂದು ಕ್ಯಾನ್. ಮಷಿನ್ ತೊಳೆದಾಯಿತು, ನೆಲ ಒರೆಸಿಯೂ ಆಯಿತು. ಅಕ್ಕನ ಹಾಲಿನ ಫ್ಯಾಟ್ ಇವತ್ತೂ 3.2. ಫ್ಯಾಟ್ ಇಳಿದರೆ ರೇಟು ಇಳಿಯುತ್ತದೆ, ನಾನೇನು ಮಾಡಲಿ. ಚೀಟಿ ಕೊಟ್ಟೆ. ಅಕ್ಕ ಮಡಚಿಟ್ಟುಕೊಂಡಳು.

ನವೆಂಬರ್‌ನಲ್ಲಿ ಈ ಟೆಸ್ಟರ್ ಕೆಲಸ ಸಿಕ್ಕ ದಿನವೇ ಅಕ್ಕನಿಗೆ ಹೇಳಿದ್ದೆ — ನೀನು ಕೊನೆಗೆ ನಿಲ್ಲು, ಮೊದಲು ಬಂದರೂ ಸರಿ. ತಂಗಿ ಅಕ್ಕನಿಗೆ ಫ್ಯಾಟ್ ಜಾಸ್ತಿ ಹಾಕಿದಳು ಅಂತ ಯಾರ ಬಾಯಲ್ಲೂ ಬರಬಾರದು. ಪಾಪ, ಆರಕ್ಕೇ ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. ಏಳೂವರೆಗೆ ಅವಳ ಸರದಿ.

ಹಳೆಯ ಟೆಸ್ಟರ್ ಇದ್ದಾಗ ಅವಳದ್ದು 4ರ ಮೇಲೆ ಬರುತ್ತಿತ್ತಂತೆ. ಅವನು ಬಾಯಿಗೆ ಬಂದದ್ದು ಬರೆಯುತ್ತಿದ್ದ ಅಂತ ಊರಿಗೇ ಗೊತ್ತು.

ಫೆಬ್ರವರಿ 9
ಟ್ರೇನಿಂಗ್. ರೈತರ ಆದಾಯ ಏರುವುದು ಇಳಿಯುವುದು ಯಾವುದರಿಂದ? ಮೇವು, ತಳಿ, ನೀರು, ರೋಗ, ಆರೈಕೆ. ಬರೆದುಕೊಂಡೆ. ನಿದ್ದೆ ಬಂತು.

ಅಕ್ಕ ಹಿಂಡಿ ಬದಲಾಯಿಸಿದ್ದಾಳೆ. ಎರಡೂ ಹಸುಗಳನ್ನು ಡಾಕ್ಟರ್‌ಗೂ ತೋರಿಸಿದಳು. 3.1.

ಫೆಬ್ರವರಿ 20
ಅಕ್ಕ ಎರಡು ಹಸುಗಳಲ್ಲಿ ಕೆಂಪಿಯನ್ನು ಮಾರಿಬಿಟ್ಟಳು. ಹೆಚ್ಚು ಹಾಲು ಕೊಡುವವಳ ಹಾಲೇ ನೀರು ಅಂತ ಎಲ್ಲರೂ ಹೇಳಿದರು. ನಾನೂ ಹೇಳಿದೆ. ರಿಟೈರ್ ಆದ ಬಸ್ ಡ್ರೈವರ್ ಕೊಂಡ. ಅವನ ಮನೆ ನಮ್ಮ ಕೇಂದ್ರಕ್ಕೆ ಅಂಟಿಕೊಂಡೇ ಇದೆ.

ಮಾರ್ಚ್ 2, 6.10
ಡ್ರೈವರ್‌ನದ್ದೇ ಮೊದಲ ಕ್ಯಾನ್. ಅವನ ಕೊಟ್ಟಿಗೆಯಲ್ಲಿ ಇರುವುದು ಕೆಂಪಿ ಒಬ್ಬಳೇ. 4.3.

ಇನ್ನೊಮ್ಮೆ ಹಾಕಿದೆ. 4.3. ಅವನು ಮೀಸೆ ತಿರುವಿದ.

ಮಾರ್ಚ್ 3
ಡ್ರೈವರ್ ಹಾಲಿನಲ್ಲಿ ಒಂದಿಷ್ಟು ಬೇರೆ ಕ್ಯಾನಿಗೆ ಹಾಕಿ ಮೂಲೆಯಲ್ಲಿಟ್ಟೆ. ಅಕ್ಕ ಕಾಯುವಷ್ಟೇ ಹೊತ್ತು, ಒಂದೂವರೆ ಗಂಟೆ. ಉದ್ದ ಹಿಡಿಯ ಸೌಟು ತಳಕ್ಕೆ ಇಳಿಸಿ ಸ್ಯಾಂಪಲ್ ತೆಗೆದೆ, ದಿನಾ ತೆಗೆಯುವ ಹಾಗೆ.

3.2.

ಕೆನೆ ಮೇಲೆ ಕಟ್ಟಿತ್ತು. ಕಲಕಿ ತೆಗೆಯಬೇಕು ಅಂತ ನಿಯಮ. ಎಲ್ಲರ ಹಾಲೂ ದಾರಿಯಲ್ಲಿ ಕುಲುಕಿಕೊಂಡೇ ಬರುತ್ತದೆ, ಯಾರು ಕಲಕುತ್ತಾರೆ? ನಿಂತ ಹಾಲು ಅಕ್ಕನದ್ದೊಂದೇ. ನಿಲ್ಲಿಸಿದವಳು ನಾನೇ. ಹಳೆಯ ಟೆಸ್ಟರ್ ಸರಿಯಾಗಿಯೇ ಬರೆದಿದ್ದ.

ಅಳು ಬರಬೇಕಿತ್ತು. ಬರಲಿಲ್ಲ. ಆ ಕ್ಯಾನ್ ತೊಳೆದು ಬೋರಲು ಹಾಕಿದೆ.

ಮಾರ್ಚ್ 5
ಅಕ್ಕನ ಮನೆಗೆ ಹೋಗಿದ್ದೆ. ಹೇಳಬೇಕು ಅಂತಲೇ ಹೋದದ್ದು. ಡ್ರೈವರ್ ಮನೆಯಲ್ಲಿ ಕೆಂಪಿಯ ಫ್ಯಾಟ್ ಎಷ್ಟು ಅಂತ ಅವಳೇ ಕೇಳಿದಳು. ನಾಲ್ಕು ಚಿಲ್ಲರೆ ಅಂದೆ. ಸದ್ಯ, ಕೊಂಡವನಿಗೆ ಮೋಸ ಆಗಲಿಲ್ಲವಲ್ಲ ಅಂತ ಉಸಿರುಬಿಟ್ಟಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು.

“ಹಾಗಾದ್ರೆ ನನ್ನ ಕೈಗುಣಾನೇ ಸರಿಯಿಲ್ಲ ಕಣೇ.”

ಉಳಿದದ್ದು ಕರಿ ಹಸು, ಅದರ ಹಾಲೂ 3.2 ದಾಟಿಲ್ಲ. ಕರಿಯನ್ನೂ ಕೊಟ್ಟುಬಿಡುತ್ತಾಳಂತೆ. ಶನಿವಾರ ಹತ್ತು ಗಂಟೆಗೆ ಗಾಡಿ. ಆಮೇಲೆ ಯಾರದ್ದಾದರೂ ಹೊಲಕ್ಕೆ ಕೂಲಿಗೆ. ಟೀ ಕೊಟ್ಟಳು, ಕುಡಿದೆ. ಎದ್ದು ಬಂದೆ. ನಾನು ಎಂಥ ಹೇಡಿ ಅಂತ ಇವತ್ತು ಗೊತ್ತಾಯಿತು.

ಮಾರ್ಚ್ 8, ಶನಿವಾರ
ಆರಕ್ಕೆ ಬಾಗಿಲು ತೆಗೆದಾಗ ಅಕ್ಕ ಮೆಟ್ಟಿಲ ಮೇಲಿದ್ದಳು. ಎಲ್ಲರೆದುರೇ ಅವಳನ್ನು ಮೊದಲು ಕರೆದೆ. ಡ್ರೈವರ್ ಬೇಕಂತಲೇ ಕೆಮ್ಮಿದ. ಕೆಮ್ಮಲಿ. ಕಲಕಿದೆ, ತೆಗೆದೆ, ಹಾಕಿದೆ. ಕರಿಯ ಹಾಲು, 4.4.

ನಿಂತ ಕಡೆಯೇ ಹೇಳಿಬಿಟ್ಟೆ. ಕೊನೆಗೆ ನಿಲ್ಲಿಸಿದ್ದು, ಕಲಕದೇ ಇದ್ದದ್ದು, ಮೂರನೇ ತಾರೀಖಿನಿಂದ ಗೊತ್ತಿದ್ದೂ ಸುಮ್ಮನಿದ್ದದ್ದು. ಕ್ಯೂ ಪೂರ್ತಿ ಕೇಳಿಸಿಕೊಂಡಿತು. ಕೆಲಸ ಹೋದರೆ ಹೋಗಲಿ ಅನಿಸಿತು. ಅದೂ ದೊಡ್ಡ ವಿಷಯ ಅಂತ ಅನಿಸಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರಿಯನ್ನು ಕೊಡಲ್ಲ ಬಿಡು ಅಂದಳು. ಮುಚ್ಚಳ ಹಾಕಲು ಹೋದಳು, ಸರಿಯಾಗಿ ಕೂರಲಿಲ್ಲ.

“ಕೆಂಪೀನ ಬೈದಿದ್ದೆ ಕಣೇ. ಹೋಗೋ ದಿನಾನೂ ಬೈದೆ. ನೀರು ಕುಡಿದು ನೀರೇ ಕೊಡ್ತೀಯಲ್ಲೇ ಅಂತ.”

ಖಾಲಿ ಕ್ಯಾನ್ ಎತ್ತಿಕೊಂಡು ಹೋದಳು. ಕರೆದೆ. ತಿರುಗಲಿಲ್ಲ.

ಮುಂದಿನ ಕ್ಯಾನ್ ಡ್ರೈವರ್‌ನದ್ದು. ಕಲಕಿದೆ. ಎಷ್ಟು ಬಂತಮ್ಮ ಅಂತ ಕೇಳಿದ. ಕೆಂಪಿಯ ನಂಬರ್ ಕಣ್ಣೆದುರೇ ಇತ್ತು. ಓದಲು ಆಗಲಿಲ್ಲ, ಮಷಿನ್ ಅವನ ಕಡೆಗೇ ತಿರುಗಿಸಿದೆ.