ಕೋಡಿಗೆ ಇಟ್ಟ ಕಲ್ಲು

ಸರ್ಕಾರಿ ಶಾಲೆ, ಕಾರೇಪಾಳ್ಯ
ಹೊಳವನಹಳ್ಳಿ ಹತ್ತಿರ, ಕೊರಟಗೆರೆ ತಾಲ್ಲೂಕು
17-10-2022, ಸೋಮವಾರ

ನನ್ನ ಮುದ್ದು ಲಾವಣ್ಯಳಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಕಂದ? ಕಾಲಿನ ಊತ ಇಳಿಯಿತಾ? ಕೂತಾಗ ಕಾಲು ಇಳಿಬಿಡಬೇಡ, ಮಣೆ ಮೇಲೆ ಇಟ್ಟುಕೋ ಅಂದಿದ್ದೆ. ಇಟ್ಟುಕೊಳ್ಳುತ್ತಿಲ್ಲ ಅಂತ ನನಗೆ ಗೊತ್ತು. ಹುಟ್ಟಿದಾಗಿನಿಂದ ಹೇಳಿದ ಮಾತು ಕೇಳಿದವಳೇ ನೀನು? ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆ ವಾಸನೆ ಅಂತ ಹಿತ್ತಲಿಗೆ ಎಸೆದರೆ ನಿನ್ನ ಅತ್ತೆಗೆ ಗೊತ್ತಾಗದೆ ಇರಬಹುದು, ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಮೂಗು ಹಿಡಿದುಕೊಂಡು ನುಂಗು. ಮಗು ಒದೆಯುತ್ತದೆ, ನಿದ್ದೆ ಬರುವುದಿಲ್ಲ ಅಂದೆಯಲ್ಲ, ಒದೆಯಲಿ ಬಿಡು, ನೀನೇನು ಕಡಿಮೆ ಒದ್ದೆಯಾ? ಅಳಿಯಂದಿರು ಸೋಲಾರ್ ಪ್ಲಾಂಟಿನ ಡ್ಯೂಟಿ ಮುಗಿಸಿ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ ತಾನೇ? ನಿಮ್ಮ ಪಾವಗಡದ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಳ್ಳದೆ ನಿಲ್ಲಬೇಡಿ ಅಂತ ಹೇಳು. ನಿನ್ನ ಅತ್ತೆ ರಾಜಲಕ್ಷ್ಮಮ್ಮನವರ ಮಂಡಿನೋವು ಹೇಗಿದೆ ಅಂತ ಬೀಗಿತ್ತಿ ಕೇಳಿದರು ಅಂತ ಮರೆಯದೆ ತಿಳಿಸು.

ಫೋನ್ ಇರುವಾಗ ಇದೇನಿದು ಕಾಗದ ಅಂತ ನಗುತ್ತೀಯ. ಫೋನಿನಲ್ಲಿ ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ. ನೀನು ಅಮ್ಮಾ ಅಂದ ಕೂಡಲೇ ಸಾರಿಗೆ ಏನು ಮಾಡಿದೆ ಅಂತ ಕೇಳಿ ಇಟ್ಟುಬಿಡುತ್ತೇನೆ. ಅಲ್ಲದೆ ನಿನ್ನ ಅತ್ತೆಗೆ ಸ್ಪೀಕರ್ ಹಾಕಿಸಿ ಕೇಳುವ ಅಭ್ಯಾಸ. ಪಾಪ, ಕೆಟ್ಟ ಮನಸ್ಸಿನವರಲ್ಲ, ಆದರೂ ತವರಿನ ಈ ಮಾತನ್ನು ಮೊದಲು ನೀನೊಬ್ಬಳೇ ಕೇಳಬೇಕು. ಮೇಲಿನ ಬೀದಿಯ ಸಂಜೀವಯ್ಯ ಇವತ್ತು ಮಧ್ಯಾಹ್ನದ ಬಸ್ಸಿಗೆ ನಿಮ್ಮೂರ ಕಡೆ ಕುರಿ ನೋಡಲು ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ, ಜೊತೆಗೆ ಒಂದು ಸಾಮಾನು ಕಳಿಸುತ್ತಿದ್ದೇನೆ. ಸಾಮಾನಿನ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ನೀನು ಕೂತುಕೋ. ಕಾಲು ಮಣೆ ಮೇಲಿಟ್ಟುಕೊಂಡು ಕೂತುಕೋ.

ಮನೆಗೆ ಸ್ವಲ್ಪ ನೀರು ನುಗ್ಗಿತ್ತು, ಒಣಗಿಸುತ್ತಿದ್ದೇವೆ ಅಂತ ಹೇಳಿದ್ದೆನಲ್ಲ, ಅದು ಸುಳ್ಳು ಕಣೇ. ಮನೆ ಇಲ್ಲ. ಕೆರೆ ಏರಿ ಒಡೆದು ಕೆಳಗಿನ ಬೀದಿ ಪೂರ್ತಿ ಹೋಯಿತು. ನಮ್ಮದು, ಪಕ್ಕದ ಕೆಂಚಮ್ಮನದು, ಆ ಸಾಲಿನದೆಲ್ಲ. ಯಾರ ಜೀವಕ್ಕೂ ಏನೂ ಆಗಿಲ್ಲ, ಗಾಬರಿ ಬೀಳಬೇಡ. ನಿನ್ನ ಅಪ್ಪ ಚೆನ್ನಾಗಿದ್ದಾರೆ, ಅಂದರೆ ಕೈಕಾಲು ಗಟ್ಟಿಯಾಗಿವೆ. ದೀಪಾವಳಿ ಕಳೆದ ಮೇಲೆ ನಿನ್ನನ್ನು ಬಾಣಂತನಕ್ಕೆ ಕರೆತರುತ್ತೇವೆ ಅಂತ ಸೀಮಂತದ ದಿನ ನಿನ್ನ ಅತ್ತೆ ಮನೆಯವರೆಲ್ಲರ ಎದುರಿಗೆ ಮಾತು ಕೊಟ್ಟಿದ್ದೆವು. ಎಲ್ಲಿಗೆ ಕರೆತರಲಿ ಹೇಳು? ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ನಮ್ಮಮ್ಮ ನನಗೆ ಮಾಡಿದಳು, ಅವಳಿಗೆ ಅವಳಮ್ಮ ಮಾಡಿದ್ದಳು. ನಾನು ಮಾತ್ರ ಇಲ್ಲಿ ಏಳನೇ ಕ್ಲಾಸಿನ ಕೋಣೆಯಲ್ಲಿ, ಕರಿಹಲಗೆಯ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದೇನೆ. ದಸರಾ ರಜ ಮುಗಿದು ಇವತ್ತಿನಿಂದ ಶಾಲೆ ಶುರುವಾಗಿದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿವೆ, ಅಕ್ಷರ ಸೊಟ್ಟಗಾದರೆ ಆ ಗಲಾಟೆಗೆ ಅಂದುಕೋ.

ನೀನು ನಮ್ಮ ಕೆರೆಯನ್ನು ಕೆರೆಯಾಗಿ ನೋಡಿದ್ದೇ ಇಲ್ಲ. ನೀನು ಹುಟ್ಟಿದ ಮೇಲೆ ಅದು ತುಂಬಲೇ ಇಲ್ಲವಲ್ಲ. ನಿನ್ನ ಲೆಕ್ಕದಲ್ಲಿ ಕೆರೆ ಅಂದರೆ ಜಾಲಿಗಿಡ, ಮೇಕೆ ಮೇಯುವ ಜಾಗ, ಹುಡುಗರು ಕ್ರಿಕೆಟ್ ಆಡುವ ಮೈದಾನ. ಎರಡನೇ ಕ್ಲಾಸಿನಲ್ಲಿ ಕೆರೆಯ ಚಿತ್ರ ಬರೆಯಿರಿ ಅಂದಾಗ ಇದನ್ನೆಲ್ಲ ಬರೆದು, ನೀರೆಲ್ಲಿದೆಯಮ್ಮ ಅಂತ ಮೇಷ್ಟ್ರು ಕೇಳಿದರೆ, "ನಮ್ ಕೆರೆಲಿ ನೀರಿರಲ್ಲ ಸಾ" ಅಂದೆಯಂತೆ. ಕ್ಲಾಸೆಲ್ಲ ನಕ್ಕಿತು ಅಂತ ಅಳುತ್ತಾ ಮನೆಗೆ ಬಂದಾಗ ನಿನ್ನ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಏರಿ ಉದ್ದಕ್ಕೂ ನಡೆದರು. "ತುಂಬ್ತದೆ ಕಣವ್ವ. ನಿಂಗೆ ತೋರ್ಸ್ದೆ ಬುಡ್ತೀನಾ?" ಅಂದರು. ನೀನು ಮರೆತಿರಬಹುದು. ಹೆಗಲ ಮೇಲೇ ನಿದ್ದೆ ಮಾಡಿಬಿಟ್ಟಿದ್ದೆ.

ಈ ವರ್ಷ ಆಷಾಢದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಜಯಮಂಗಲಿ ಹೊಳೆಯಲ್ಲಿ ನೀರು ಬಂತು, ಹಳ್ಳಗಳಲ್ಲಿ ಬಂತು, ಜಾಲಿಗಿಡಗಳು ಮುಳುಗಿದವು, ಹುಡುಗರ ಕ್ರಿಕೆಟ್ ಪಿಚ್ಚೂ ಮುಳುಗಿತು. ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಕೋಡಿ ಬಿತ್ತು. ನೀನು ಚಿಕ್ಕವಳಿದ್ದಾಗ ಜಾರಿ ಜಾರಿ ಲಂಗ ಹರಿದುಕೊಳ್ಳುತ್ತಿದ್ದ ಕಲ್ಲುಕಟ್ಟೆ ಇತ್ತಲ್ಲ ಏರಿಯ ತುದಿಯಲ್ಲಿ, ಅದೇ ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಅದರ ಮೇಲೆ ಹಾದು ಕೆಳಗಿನ ಹಳ್ಳಕ್ಕೆ ಹೋಗಬೇಕು. ಅಯ್ಯೋ, ಆ ದಿನ ಊರಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಿಲ್ಲ ಕಣೇ, ಎಲ್ಲರೂ ಏರಿ ಮೇಲೆ. ಹೆಂಗಸರೆಲ್ಲ ಮೊರದ ಬಾಗಿನ ಬಿಟ್ಟೆವು, ಗಂಡಸರು ಗಂಗಮ್ಮನಿಗೆ ಮರಿ ಕಡಿದರು. ಕೆಂಚಮ್ಮ ಮೊಣಕಾಲುದ್ದ ನೀರಿಗಿಳಿದು ಹುಡುಗಿಯ ಹಾಗೆ ಎರಚಾಡಿದಳು. ನಿನಗೆ ವಿಡಿಯೋ ಮಾಡಿ ಕಳಿಸೋಣ ಅಂತ ಫೋನ್ ತೆಗೆದರೆ ನಿನ್ನ ಅಪ್ಪ ಕಿತ್ತುಕೊಂಡರು. "ಫೋನ್‌ನಾಗೆ ನೋಡಿದ್ರೆ ಏನ್ ಚೆಂದ? ಎಂಗೂ ಬರ್ತಾಳಲ್ಲ, ಕಣ್ಣಾರೆ ನೋಡ್ಲಿ ಬುಡು" ಅಂದರು. ಅದಕ್ಕೇ ಕಳಿಸಲಿಲ್ಲ.

ಆಮೇಲೆ ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಬೇರೆ ಸೀಮೆಯವರು ಇಂಥದ್ದು ಮಾಡುವುದಿಲ್ಲ, ನಮ್ಮಂಥ ನೀರು ಕಾಣದವರೇ ಮಾಡಬೇಕು. ಕೋಡಿ ಮೇಲೆ ಹರಿದು ಹೋಗುವ ನೀರು ನೋಡಿ ನಮಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷಕ್ಕೆ ಬಂದ ಗಂಗಮ್ಮನನ್ನು ಕೆಳಗಿನ ಊರಿಗೆ ಬಿಟ್ಟುಕೊಡುವುದೇ? ಇನ್ನೂ ಎರಡು ಗೇಣು ನಿಂತರೆ ಬೇಸಿಗೆಗೂ ಆಗುತ್ತದೆ, ಬೋರ್‌ವೆಲ್‌ಗಳೂ ಮೇಲೆ ಬರುತ್ತವೆ ಅಂತ ಕೋಡಿ ಉದ್ದಕ್ಕೂ ಕಲ್ಲು ಜೋಡಿಸಿ, ಗೊಬ್ಬರದ ಚೀಲಕ್ಕೆ ಮರಳು ತುಂಬಿ ಅಡ್ಡ ಇಟ್ಟರು. ಯಾರೂ ಬೇಡ ಅನ್ನಲಿಲ್ಲ. ನಾನೂ ಸೆರಗು ಕಟ್ಟಿಕೊಂಡು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ನೀರು ನಿಂತಿತು. ಸಂಜೆ ಹೊತ್ತು ಎಲ್ಲರೂ ಹೋಗಿ ಎಷ್ಟು ಏರಿದೆ ಅಂತ ನೋಡಿಕೊಂಡು ಬರುವುದೇ ಒಂದು ಹಬ್ಬವಾಗಿತ್ತು.

ದಸರಾ ಕಳೆದು ಮೇಲಿನ ಕೆರೆಗಳೆಲ್ಲ ತುಂಬಿ ಒಟ್ಟಿಗೆ ನಮ್ಮ ಕಡೆ ನುಗ್ಗಿದವು. ಮಧ್ಯಾಹ್ನದ ಹೊತ್ತು. ನಿನ್ನ ಬಾಣಂತಿ ಖಾರಕ್ಕೆ ಮೆಣಸು ಹುರಿಯುತ್ತಿದ್ದೆ, ಸೀದುಹೋಗುತ್ತದೆ ಅಂತ ಒಲೆ ಮುಂದಿನಿಂದ ಕದಲಿರಲಿಲ್ಲ. ಕೆಂಚಮ್ಮ ಬೀದಿಯಲ್ಲಿ ಬಾಯಿ ಬಾಯಿ ಬಡಿದುಕೊಂಡಳು. "ಶಾಂತಕ್ಕಾ, ಏರಿ ಕುಸೀತೈತೆ, ಈಚೀಗ್ ಬಾರಕ್ಕೋ" ಅಂದಳು. ಒಡವೆ ತೆಗೆದುಕೊಂಡೆನಾ, ಕಾಗದಪತ್ರ ತೆಗೆದುಕೊಂಡೆನಾ? ಒಂದೂ ಇಲ್ಲ. ಸೌಟು ಹಿಡಿದುಕೊಂಡು ಓಡಿದೆ. ಶಾಲೆ ದಿಣ್ಣೆ ಹತ್ತಿ ತಿರುಗಿ ನೋಡಿದರೆ ಕೆಂಪು ನೀರು ಮನೆಗಳ ಮಧ್ಯೆ ಬಂದು, ನಮ್ಮ ಹೆಂಚಿನ ಸೂರು ಒಂದು ಕ್ಷಣ ನೆಟ್ಟಗಿದ್ದು, ಆಮೇಲೆ ಹಾಗೇ ಕೂತುಬಿಟ್ಟಿತು. ಏನು ಅಂತ ಕೂಗುವುದು, ಯಾರನ್ನು ಕೂಗುವುದು? ನನ್ನ ಫೋನ್ ರಿಪೇರಿಗೆ ಕೊಟ್ಟಿದ್ದೇನೆ ಅಂದಿದ್ದೆನಲ್ಲ, ಅದೂ ಆ ನೀರಲ್ಲೇ ಹೋಯಿತು. ಈಗ ಮಾತಾಡುತ್ತಿರುವುದು ನಿನ್ನ ಅಪ್ಪನ ಫೋನಿನಿಂದ.

ಏನೇನು ಹೋಯಿತು ಅಂತ ನೀನು ಕೇಳೇ ಕೇಳುತ್ತೀಯ. ಜಗಲಿ ಹೋಯಿತು. ನೀನು ಉಯ್ಯಾಲೆ ಕಟ್ಟಿಸಿಕೊಂಡಿದ್ದ ಹೊಂಗೆಮರ ಬೇರುಸಮೇತ ಎದ್ದು ರಸ್ತೆಗೆ ಅಡ್ಡ ಬಿದ್ದಿತ್ತು, ಗರಗಸದಲ್ಲಿ ಕೊಯ್ದು ಎಳೆದು ಹಾಕಿದರು. ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಯುಗಾದಿಗೂ ನಿನ್ನ ಎತ್ತರಕ್ಕೆ ಗೀರು ಹಾಕುತ್ತಿದ್ದರಲ್ಲ ಅಪ್ಪ, ಆ ಚೌಕಟ್ಟು ಸಿಗಲಿಲ್ಲ, ಎಷ್ಟು ಹುಡುಕಿದರೂ ಸಿಗಲಿಲ್ಲ. ನೀನು ಜಾರುತ್ತಿದ್ದ ಕೋಡಿ ಮಾತ್ರ ನಾವು ಇಟ್ಟ ಕಲ್ಲುಗಳ ಸಮೇತ ಹಾಗೇ ನಿಂತಿದೆ. ನೀರು ಅದನ್ನು ಬಿಟ್ಟು ಏರಿಯ ನಡು ಮಧ್ಯವನ್ನೇ ಮುರಿಯಿತು. ಕೆರೆ ಈಗ ಮತ್ತೆ ಖಾಲಿ. ಕೆಸರು ಒಣಗಿದರೆ ಹುಡುಗರು ಮತ್ತೆ ಕ್ರಿಕೆಟ್ ಆಡಬಹುದು.

ಇಲ್ಲಿ ಊಟಕ್ಕೇನೂ ತೊಂದರೆ ಇಲ್ಲ. ಇಷ್ಟು ವರ್ಷ ಮಕ್ಕಳಿಗೆ ಬಿಸಿಯೂಟ ಮಾಡಿದ ಅಡುಗೆಮನೆಯಲ್ಲೇ ಈಗ ಬೀದಿಯವರಿಗೆಲ್ಲ ಬೇಯಿಸುತ್ತಿದ್ದೇನೆ. ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಮನೆ ಕಳಕೊಂಡವರೂ ಹೇಳುತ್ತಾರೆ, ಬಾಯಿಗೆ ಬಂದದ್ದು ಬೈದು ಬಡಿಸುತ್ತೇನೆ. ಶಾಲೆಗೆ ಈಗ ಕಾಳಜಿ ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ. ನಷ್ಟದ ಲೆಕ್ಕ ಬರೆದುಕೊಳ್ಳಲು ತಾಲ್ಲೂಕು ಆಫೀಸಿನಿಂದ ಬಂದವರೊಬ್ಬರು ನಮ್ಮ ಮನೆ ಇದ್ದ ಜಾಗದಲ್ಲಿ ನಿಂತು, ಮನೆ ಭಾಗಶಃ ಬಿದ್ದಿದೆಯೋ ಪೂರ್ತಿ ಬಿದ್ದಿದೆಯೋ ಅಂತ ಕೇಳಿದರು. ನೀವೇ ನಿಂತಿದ್ದೀರಲ್ಲ ಸ್ವಾಮಿ ದೇವರ ಕೋಣೆಯಲ್ಲಿ, ಚಪ್ಪಲಿ ಹಾಕಿಕೊಂಡು, ಅಂದೆ. ಪಾಪ, ಆತ ಗಾಬರಿಯಿಂದ ಚಪ್ಪಲಿ ಬಿಟ್ಟು ಕೆಸರಲ್ಲಿ ನಿಂತುಬಿಟ್ಟ. ಆಮೇಲೆ ನನಗೇ ಅಳು ಬಂತು.

ಈಗ ಸಾಮಾನಿನ ವಿಷಯ. ಸಂಜೀವಯ್ಯ ತರುವುದು ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆ. ಕೆಳಗಿನ ಊರಿನ ರಾಗಿ ಹೊಲದಲ್ಲಿ ಬಾಯಿತನಕ ಕೆಸರು ತುಂಬಿಕೊಂಡು ಬಿದ್ದಿತ್ತಂತೆ. ನಿನ್ನ ಅಪ್ಪ ತಲೆ ಮೇಲೆ ಹೊತ್ತು ತಂದು ನನ್ನ ಮುಂದೆ ಇಟ್ಟು ಹೋದರು. ಹುಣಸೆಹಣ್ಣು ಹಾಕಿ ಉಜ್ಜಿದ್ದೇನೆ. ಒಂದು ಕಡೆ ನೆಗ್ಗಿದೆ, ಸೋರುವುದಿಲ್ಲ. ನಾನು ಬಾಣಂತಿಯಾಗಿದ್ದಾಗ ನನಗೂ ನಿನಗೂ ನೀರು ಕಾಯಿಸಿದ ಹಂಡೆ ಅದು. ಬಾಣಂತನಕ್ಕೆ ಅಂತ ನಾನು ಕೊಡಬಲ್ಲದ್ದು ಅದೊಂದೇ ಈಗ. ಹರಳೆಣ್ಣೆ, ಹಳೆ ಸೀರೆಗಳು, ಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಕೂಡಿಟ್ಟಿದ್ದೆ ಕಣೇ, ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿ ಇಟ್ಟಿದ್ದೆ. ನಿನ್ನ ಅತ್ತೆಗೆ ನೀನೇ ನಿಧಾನವಾಗಿ ಹೇಳು. "ಏಮಮ್ಮಾ ಬೀಗಿತ್ತೀ, ಯಾವಾಗ ಬರ್ತೀರಾ ಕರ್ಕೊಂಡ್ ಹೋಗಾಕೆ?" ಅಂತ ಹೋದ ವಾರವೂ ಕೇಳಿದರು, ಹ್ಞೂಂ ಬರ್ತೀವಿ ಅಂದೆ. ಮೈಗೆ ನೀರು ಹಾಕುವವರು ಸೊಂಟಕ್ಕೆ ಬಿಸಿನೀರನ್ನು ಮೇಲಿಂದ ರಭಸವಾಗಿ ಹುಯ್ಯಬೇಕು ಅಂತ ಹೇಳು. ತಲೆ ಒದ್ದೆ ಇಟ್ಟುಕೊಂಡು ಫ್ಯಾನಿನ ಕೆಳಗೆ ಮಲಗಬೇಡ. ನಾನು ಅಲ್ಲಿಗೇ ಬಂದು ಮಾಡೋಣ ಅಂತಲೂ ಯೋಚಿಸಿದೆ. ಬೀಗರ ಮನೆಯಲ್ಲಿ ತಾಯಿ ಕೂತು ಬಾಣಂತನ ಮಾಡುವುದು ನಮ್ಮಲ್ಲಿಲ್ಲ, ಆದರೂ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಬಂದುಬಿಡುತ್ತಿದ್ದೆ. ಆದರೆ ನಿನ್ನ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ಏನು ಮಾಡಲಿ ಲಾವಣ್ಯ? ಅತ್ತ ನೀನು, ಇತ್ತ ಅವರು. ನನಗಂತೂ ಏನೂ ತೋಚುತ್ತಿಲ್ಲ.

ನೋಡಬೇಕು ಅಂತ ಹಟ ಮಾಡಿ ಬಸ್ಸು ಹತ್ತಿ ಬರಬೇಡ, ನನ್ನಾಣೆ. ರಸ್ತೆ ಗುಂಡಿ ಬಿದ್ದಿದೆ, ನಿನಗೆ ತುಂಬಿದ ತಿಂಗಳು. ಮಗು ಕೈಗೆ ಬಂದ ಮೇಲೆ ಎಲ್ಲಾದರೂ ಒಂದು ಸೂರು ಮಾಡಿಕೊಂಡು ಕರೆಸಿಕೊಳ್ಳುತ್ತೇವೆ. ಬೀಗರಿಗೆ ನಮ್ಮ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆಯಲ್ಲಿರುವ ಪುಟಾಣಿಗೆ ಅಜ್ಜಿಯ ಮುತ್ತು. ಗಂಗಮ್ಮ ನಮ್ಮದನ್ನೆಲ್ಲ ತೆಗೆದುಕೊಂಡಿದ್ದಾಳೆ, ನಿನ್ನನ್ನಾದರೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಶಾಂತಕುಮಾರಿ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬಸ್ಸಿಗೆ ಹೊತ್ತಾಯಿತು ಅಂತ ಸಂಜೀವಯ್ಯ ಹಂಡೆ ಹೆಗಲಿಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಕೋಡಿಗೆ ಎಲ್ಲರೂ ಕಲ್ಲು ಇಟ್ಟರು ಅಂತ ಬರೆದೆ. ಮೊದಲ ಕಲ್ಲು ಹೊತ್ತವರು ನಿನ್ನ ಅಪ್ಪ. ಬೇಸಿಗೆಗೆ ನೀರು, ಬೋರ್‌ವೆಲ್ ಎಲ್ಲ ಊರವರ ಮಾತು. ಇವರಿಗೆ, ನೀನು ಬರುವ ಹೊತ್ತಿಗೆ ಕೆರೆ ಇಳಿದುಹೋದರೆ ಅಂತ ಭಯ. "ಮಗಳು ಬರೋಗಂಟ ನಿಂತ್ಕಳವ್ವ" ಅಂತ ನೀರಿಗೆ ಹೇಳಿಯೇ ಇಟ್ಟರು, ನಾನು ಪಕ್ಕದಲ್ಲೇ ಇದ್ದೆ. ಈಗ ಬೆಳಗಾದರೆ ಒಡೆದ ಏರಿ ಮೇಲೆ ಹೋಗಿ ಕೂರುತ್ತಾರೆ. ಊರಲ್ಲಿ ಯಾರೂ ಅವರನ್ನು ಒಂದು ಮಾತು ಅಂದಿಲ್ಲ, ಎಲ್ಲರ ಕೈಯೂ ಇತ್ತಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ. "ನನ್ ಮಗಳ ತವ್ರುನ್ನ ನಾನೇ ಮುಳುಗ್ಸ್‌ಬುಟ್ಟೆ" ಅಂತ ಒಂದು ಸಲ ಅಂದರು, ಅಷ್ಟೇ, ಅವತ್ತಿನಿಂದ ಬಾಯಿ ಬಿಟ್ಟಿಲ್ಲ. ಅಪ್ಪನಿಗೆ ಫೋನ್ ಕೊಡು ಅಂದಾಗಲೆಲ್ಲ ಹೊಲಕ್ಕೆ ಹೋಗಿದ್ದಾರೆ ಅಂತಿದ್ದೆನಲ್ಲ, ಪಕ್ಕದಲ್ಲೇ ಇರುತ್ತಿದ್ದರು, ತಲೆ ಆಡಿಸಿ ಬೇಡ ಅನ್ನುತ್ತಿದ್ದರು. ಇವತ್ತು ಸಂಜೆ ಫೋನ್ ಮಾಡು ಕಂದ. ನಾನು ಅವರ ಕಿವಿಗೆ ಹಿಡಿಯುತ್ತೇನೆ. ಮನೆ ಬಗ್ಗೆ ಕೇಳಬೇಡ, ಸಮಾಧಾನ ಹೇಳಬೇಡ, ಅಳಲೂಬೇಡ. ಕೆರೆ ತುಂಬಿದ್ದಾಗ ಹೆಂಗಿತ್ತಪ್ಪಾ ಅಂತ ಕೇಳು. ಅಷ್ಟು ಮಾತ್ರ ಕೇಳು. ಅವರು ಹೇಳುವ ತನಕ ಫೋನ್ ಇಡಬೇಡ ಕಣೇ.