ಮೂವತ್ತೊಂಬತ್ತನೆಯ ದಿನ

ಗುರುವಾರ, ಆಗಸ್ಟ್ ೨೧
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಪಾಪುವಿಗೆ ಅಣ್ಣನ ನೆನಪುಗಳು.

ಅರವತ್ತು ದಾಟಿದವನನ್ನು ಪಾಪು ಎಂದು ಕರೆಯುತ್ತಿದ್ದೇನೆಂದು ಸಿಟ್ಟಾಗಬೇಡ. ಅಮ್ಮ ಹೋದ ಮೇಲೆ ಹಾಗೆ ಕರೆಯುವವನು ನಾನೊಬ್ಬನೇ. ನಾನೂ ಬಿಟ್ಟರೆ ಆ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ನಿನ್ನ ಕಾರ್ಡು ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದಿದ್ದುದಕ್ಕೆ ಕೆಲಸದ ನೆಪ ಹೇಳೋಣವೆಂದರೆ, ಈ ಕನ್ನಡಕದ ಅಂಗಡಿಗೆ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು ಎಂಬುದು ನಿನಗೂ ಗೊತ್ತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದು ಹಾಕಿದೆ. ಕ್ಷಮಿಸು.

ಮೊದಲು ಸಮಾಚಾರ. ಮಂಡಿನೋವು ಹಾಗೇ ಇದೆ. ಕೆಳಗಿನ ಮನೆಯ ಇಸ್ತ್ರಿಯಮ್ಮ ಸೊಸೆಯ ಜೊತೆ ಜಗಳವಾಡಿದ ದಿನ ನನ್ನ ಅಂಗಿಗಳಿಗೆ ಇಸ್ತ್ರಿ ಚೆನ್ನಾಗಿ ಬೀಳುತ್ತದೆ. ಸಿಟ್ಟೆಲ್ಲ ಕಾಲರಿನ ಮೇಲೆ. ಅಂಗಡಿಯ ಗಾಜಿನ ಬೀರುವಿನಲ್ಲಿ ಇನ್ನೂರು ಫ್ರೇಮುಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತವೆ, ಒಂದರ ಹಿಂದೆಯೂ ಕಣ್ಣಿಲ್ಲ. ಸಂಜೆ ಶಟರ್ ಎಳೆಯುವಾಗ ಅವಕ್ಕೇ 'ಬರ್ತೀನಿ' ಎಂದು ಹೇಳಿ ಮೇಲಿನ ಕೋಣೆಗೆ ಹತ್ತುತ್ತೇನೆ. ನಗಬೇಡ. ಇಡೀ ದಿನ ನಾನು ಆಡುವ ಮಾತೆಂದರೆ 'ಈ ಸಾಲು ಓದಿ', 'ಈಗ ಕಾಣುತ್ತಾ', ಅಷ್ಟೇ.

ನೀನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋದ ಚೀಲ ಸಿಕ್ಕಿತು. 'ಬಂದಿದ್ದೆ, ನೀನಿರಲಿಲ್ಲ. ಅವಳ ಕನ್ನಡಕ ಬಿಟ್ಟು ಬಂದಿದ್ದೇನೆ, ಯಾರಿಗಾದರೂ ಆದೀತು' ಎಂದು ಕಾರ್ಡಿನಲ್ಲಿ ಬರೆದಿದ್ದೆ. ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನ್ನ ಹೆಂಡತಿಗೆ ಆ ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸಿದವನು ನಾನೇ. ಬೈಫೋಕಲ್, ಮೇಲಿನ ಅರ್ಧ ದೂರಕ್ಕೆ, ಕೆಳಗಿನ ಅರ್ಧ ಹತ್ತಿರಕ್ಕೆ. ಹಾಕಿಕೊಂಡ ಮೊದಲ ದಿನವೇ ನನ್ನ ಮೆಟ್ಟಿಲಿಳಿಯುವಾಗ ಎಡವಿ, ಬಿದ್ದಲ್ಲೇ ಕೂತು ನಕ್ಕಳಲ್ಲ, ನೆನಪಿದೆಯೇ? 'ಭಾವಾ, ನನಗೇನೋ ಎರಡೂ ಹಾಕಿಕೊಟ್ರಿ. ನಿಮಗೆ ಮಾತ್ರ ದೇವರು ಕೆಳಗಿನ ಗಾಜು ಹಾಕೋದನ್ನೇ ಮರೆತಿದ್ದಾನೆ ನೋಡಿ' ಎಂದಿದ್ದಳು. ಆಗ ನನಗೆ ಸ್ವಲ್ಪ ಕೋಪವೇ ಬಂದಿತ್ತು. ಅವಳು ಹೋಗಿ ನಾಲ್ಕು ತಿಂಗಳಾಗುತ್ತ ಬಂತು, ಆ ಮಾತು ಹೋಗಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಮುಂದಿನ ಭಾನುವಾರ ಪಾದ್ರಿಗಳು ಪರಲೋಕದ ಬಗ್ಗೆ ಪ್ರಸಂಗ ಮಾಡಿದರು. 'ನಮ್ಮ ನಿಜವಾದ ಮನೆ ಅಲ್ಲಿದೆ ಅಂತೀವಿ. ದಿನಕ್ಕೆ ಎಷ್ಟು ಸಲ ಅದನ್ನ ನೆನೀತೀವಿ? ಹಾಲಿನವನು ಬಂದ, ಫೋನ್ ಬಂತು, ಮನಸ್ಸು ಅಲ್ಲಿಗೇ ಓಡಿಹೋಗುತ್ತೆ' ಎಂದರು. ನನ್ನನ್ನೇ ನೋಡಿ ಹೇಳಿದಂತಾಯಿತು. ಮೊಣಕಾಲೂರಿದರೆ ಸಾಕು, ನನಗೆ ನೆನಪಾಗುವುದು ಇನ್ನೂ ಬಾರದ ಗಾಜಿನ ಪಾರ್ಸೆಲ್ಲು, ಒಣಗದ ಬಟ್ಟೆ, ತೊಟ್ಟಿಕ್ಕುವ ನಲ್ಲಿ. ಅಂದೇ ತೀರ್ಮಾನ ಮಾಡಿದೆ: ನಲವತ್ತು ದಿನ, ಸಂಜೆ ಐದರಿಂದ ಆರರವರೆಗೆ, ಆಕಾಶವೇ ಕಳಚಿ ಬಿದ್ದರೂ ಪ್ರಾರ್ಥನೆಯಿಂದ ಏಳಬಾರದು. ಫೋನನ್ನು ಅಂಗಡಿಯಲ್ಲೇ ಬಿಟ್ಟೆ. ನಲ್ಲಿಗೆ ಬಟ್ಟೆ ಕಟ್ಟಿದೆ. ಗಡಿಯಾರಕ್ಕೆ ಆರರ ಅಲಾರಂ ಇಟ್ಟು ದಿಂಬಿನ ಕೆಳಗೆ ತಳ್ಳಿದೆ. ಮೊದಲ ವಾರ ಮಂಚಕ್ಕೆ ತಲೆಯೊರಗಿಸಿ ನಿದ್ದೆ ಹೋದೆನೆಂದು ನಿನ್ನ ಹತ್ತಿರ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಮನಸ್ಸು ಹಿಡಿತಕ್ಕೆ ಬಂತು. ಇಷ್ಟು ವರ್ಷ ಪ್ರಾರ್ಥಿಸಿದವನಿಗೆ ಮೊದಲ ಸಲ ಆ ಮನೆ ಹತ್ತಿರದಲ್ಲೇ ಇದೆ ಎನ್ನಿಸಿತು. ನಿಜವಾಗಿಯೂ ಅನ್ನಿಸಿತು ಪಾಪು, ಅದು ಸುಳ್ಳಲ್ಲ.

ನಲವತ್ತು ಮುಗಿದ ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನನ್ನ ಪ್ರಾರ್ಥನೆಯ ಸಾಕ್ಷಿ ಹೇಳಿದೆ. 'ಒಂದು ದಿನ ಯಾರೋ ಬಾಗಿಲು ತಟ್ಟಿದ್ರು. ಮೂರು ಸಲ ತಟ್ಟಿದ್ರು. ನಾನು ಏಳಲಿಲ್ಲ' ಎಂದೆ. ಎಲ್ಲರೂ ಆಮೆನ್ ಎಂದರು. ಮುಂದಿನ ಬೆಂಚಿನ ಟೀಚರಮ್ಮ ಕಣ್ಣೊರೆಸಿಕೊಂಡರು. ನಾನು ಬಂದು ತಲೆ ತಗ್ಗಿಸಿ ಕೂತೆ. ಪಕ್ಕದವರು ಅದನ್ನು ವಿನಯ ಎಂದುಕೊಂಡು ಬೆನ್ನು ತಟ್ಟಿದರು.

ಅಂದಿನಿಂದ ಪ್ರಾರ್ಥನೆಯೇ ಬರುತ್ತಿಲ್ಲ. ಐದಕ್ಕೆ ಸರಿಯಾಗಿ ಮೊಣಕಾಲೂರುತ್ತೇನೆ, ಕಣ್ಣು ಮುಚ್ಚುತ್ತೇನೆ, ಕಿವಿ ಮಾತ್ರ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತದೆ. ಮೊನ್ನೆ ಗಾಳಿಗೆ ಬಾಗಿಲು ಅಲುಗಿದ್ದಕ್ಕೆ ಎದ್ದು ಓಡಿದೆ. ಮೆಟ್ಟಿಲ ಮೇಲೆ ಇಸ್ತ್ರಿಯಮ್ಮನ ಬೆಕ್ಕು ಕೂತಿತ್ತು. 'ಬಾ ಒಳಗೆ' ಎಂದು ಅದನ್ನೇ ಕರೆದೆ. ಅದು ಬರಲಿಲ್ಲ. ಪಾದ್ರಿಗಳಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ.

ಇನ್ನು ನಿಲ್ಲಿಸುತ್ತೇನೆ, ಯಾರೋ ಮೂಗಿನ ಮೇಲೆ ನಿಲ್ಲದ ಕನ್ನಡಕ ಹಿಡಿದುಕೊಂಡು ಬಂದಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಬ್ಬನಿಗಾಗಿ ಯಾಕೆ ಒಲೆ ಹಚ್ಚುವುದು ಎಂಬ ಸೋಮಾರಿತನ ನನಗಿರಲಿ, ನಿನಗೆ ಬೇಡ. ದೀಪ ಹಾಕಿಕೊಂಡೇ ಮಲಗು; ಕತ್ತಲೆಂದರೆ ನಿನಗೆ ಚಿಕ್ಕಂದಿನಿಂದಲೂ ಆಗದು. ಅವಳನ್ನು ಕರೆದುಕೊಂಡ ಸ್ವಾಮಿ ನಿನ್ನ ಪಕ್ಕದಲ್ಲಿ ಬಂದು ಕೂರಲಿ, ನಿನ್ನ ದಿನಗಳಿಗೆ ಕಾವಲಿರಲಿ.

ನಿನ್ನ
ಅಣ್ಣ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಈ ಸಲ ಹರಿದು ಹಾಕುವುದಿಲ್ಲ.

ಪಾಪು, ನೀನು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಅದು ಮೂವತ್ತೊಂಬತ್ತನೆಯ ದಿನ. ತಟ್ಟಿದವನು ಯಾರೋ ಅಲ್ಲ ಎಂದು ಮೊದಲ ಸಲಕ್ಕೇ ಗೊತ್ತಾಯಿತು. ಬೇಗಬೇಗ ಎರಡು, ಸ್ವಲ್ಪ ತಡೆದು ಒಂದು. ಸ್ಕೂಲಿಂದ ಬಂದು ಹಾಗೆ ತಟ್ಟುತ್ತಿದ್ದವನು ನೀನೊಬ್ಬನೇ. ಇನ್ನೊಂದೇ ದಿನ ಉಳಿದಿದೆ, ಈಗ ಎದ್ದರೆ ಎಲ್ಲ ನೀರುಪಾಲು ಎಂದುಕೊಂಡೆ. ಆರರವರೆಗೆ ಕಾಯುತ್ತಾನೆ ಬಿಡು ಎಂದುಕೊಂಡೆ. ನೀನು ಮೆಟ್ಟಿಲ ಮೇಲೆ ಕೂತು ಕೆಮ್ಮಿದ್ದು ಕೇಳಿಸಿತು. ಇಳಿದು ಹೋದದ್ದೂ ಕೇಳಿಸಿತು. ಆರಕ್ಕೆ ಬಾಗಿಲು ತೆರೆದರೆ ಚೀಲವಷ್ಟೇ ಇತ್ತು. 'ನಿಮ್ಮ ತಮ್ಮ ಇರೋಕೇ ಬಂದ ಹಾಗಿತ್ತು ಅಣ್ಣಾ. ಅಷ್ಟು ದೊಡ್ಡ ಸೂಟ್‌ಕೇಸು! ಇಳಿಸೋಕೆ ನಾನೇ ಒಂದು ಕೈ ಹಿಡಿದೆ' ಎಂದಳು ಇಸ್ತ್ರಿಯಮ್ಮ. ಕಾರ್ಡಿನಲ್ಲಿ ನೀನು ಸೂಟ್‌ಕೇಸಿನ ಮಾತೇ ಎತ್ತಲಿಲ್ಲ. ಅವಳ ಸಮಾಧಿಯ ಪಕ್ಕ ನಿಂತು 'ಯಾವಾಗ ಬೇಕಾದ್ರೂ ಬಾ, ನನ್ನ ಬಾಗಿಲು ತೆರೆದೇ ಇರುತ್ತೆ' ಎಂದವನು ನಾನು.

ಬಾ. ಬೇಕೆಂದೇ ಐದು ಗಂಟೆಗೆ ಬಾ. ಆ ಸೂಟ್‌ಕೇಸು ತಗೊಂಡೇ ಬಾ.

ಇದೊಂದನ್ನು ಹೇಳದಿದ್ದರೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ನೀನು ತಟ್ಟುತ್ತಿದ್ದಾಗ ನಾನು ಪ್ರಾರ್ಥಿಸುತ್ತಿದ್ದುದು ನಿನಗಾಗಿಯೇ. 'ನನ್ನ ತಮ್ಮ ಒಂಟಿಯಾಗಿದ್ದಾನೆ ಸ್ವಾಮಿ, ಅವನ ಹತ್ತಿರ ಯಾರನ್ನಾದ್ರೂ ಕಳಿಸು' ಎಂದು ಕೇಳುತ್ತಿದ್ದೆ.